ಗೆರೆಯ ಪಕ್ಕ ನಿಂತಿದ್ದವರು

ನನ್ನ ಹೆಸರನ್ನು ಪೂರ್ತಿಯಾಗಿ ಹೇಳಲು ಕಲಿತ ಮೊದಲ ಅಮೆರಿಕನ್ ಅವರು. ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿಗೆ ನಾನು ಗಣಿತದ ಟೀಚರ್ ಆಗಿ ಸೇರಿದ ದಿನ ಪ್ರಿನ್ಸಿಪಾಲರು ನನ್ನನ್ನು ಎಲ್ಲರಿಗೂ ‘ಮಿಸೆಸ್ ಕೆ’ ಎಂದು ಪರಿಚಯಿಸಿ ಮುಗಿಸಿಬಿಟ್ಟರು. ಮಕ್ಕಳಿಗೂ ಅದೇ ಅನುಕೂಲವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು ಚೀಟಿ, ಪೆನ್ನು ಹಿಡಿದು ಬಂದು, ನಿಮ್ಮ ಹೆಸರನ್ನು ಬಿಡಿಸಿ ಹೇಳಿ ಎಂದರು. ನಾನು ಹೇಳಿದ ಹಾಗೆ ಬರೆದುಕೊಂಡರು. ಮರುದಿನ ಬೆಳಿಗ್ಗೆ ತಮ್ಮ ಬಾಗಿಲ ಪಕ್ಕ ನಿಂತು, “ಗುಡ್ ಮಾರ್ನಿಂಗ್, ಮಿಸೆಸ್ ಕುಲಕರ್ಣಿ” ಎಂದರು. ಕೊನೆಯ ‘ರ್ಣಿ’ ಮಾತ್ರ ಸ್ವಲ್ಪ ತೊಡರಿತು. ಒಂದು ವಾರದಲ್ಲಿ ಅದೂ ಸರಿಹೋಯಿತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬದುಕಿರುವ ಇನ್ನೊಬ್ಬರಿಗೆ ತೊಂದರೆಯಾಗುತ್ತದೆ. ಧಾರವಾಡದವರಾದ ನಾನೂ ನನ್ನ ಗಂಡ ರಘುವೂ ಮನೆಯಲ್ಲಿ ಅವರನ್ನು ‘ಮಾಸ್ತರು’ ಎಂದೇ ಕರೆಯುತ್ತಿದ್ದೆವು. ಹಾಗೆಂದರೇನು ಎಂದು ಅವರಿಗೆ ಒಮ್ಮೆ ಹೇಳಿದಾಗ, ಬೇಡ, ಅದು ಬಹಳ ದೊಡ್ಡ ಮಾತಾಯಿತು ಎಂದು ಕೈಯಾಡಿಸಿದ್ದರು.

ಆರಡಿಗೂ ಮೇಲೆ ಎತ್ತರದ ಆಳು. ಕಪ್ಪು ಜನಾಂಗದವರು, ದಕ್ಷಿಣದ ರಾಜ್ಯವೊಂದರಲ್ಲಿ ಹುಟ್ಟಿ ಬೆಳೆದವರು. ಮಾತಿನಲ್ಲಿ ಆ ಕಡೆಯ ನಿಧಾನ ಉಳಿದಿತ್ತು. ಇಂಥ ಆಳು ಕಾರಿಡಾರಿನ ನಡುವೆ ನಡೆದದ್ದನ್ನು ನಾನು ಕಂಡಿಲ್ಲ. ಯಾವಾಗಲೂ ಗೋಡೆಗೆ ಹತ್ತಿಕೊಂಡೇ ಓಡಾಡುತ್ತಿದ್ದರು. ಪೀರಿಯಡ್ ಬದಲಾಗುವಾಗ ಮಕ್ಕಳು ನುಗ್ಗಿ ಬರುವ ಹೊತ್ತಿನಲ್ಲಿ ಬಾಗಿಲ ಪಕ್ಕ ಕೈಗಳನ್ನು ಹಿಂದೆ ಕಟ್ಟಿ, ತಲೆ ತುಸು ಬಗ್ಗಿಸಿ ನಿಲ್ಲುತ್ತಿದ್ದರು. ಮಕ್ಕಳ ಮುಖಕ್ಕಿಂತ ಹೆಚ್ಚು ಅವರು ನೋಡುತ್ತಿದ್ದುದು ಕಾಲುಗಳನ್ನು. ಮೊದಮೊದಲು ನಾನು ಇದನ್ನು ಸಂಕೋಚ ಎಂದುಕೊಂಡಿದ್ದೆ.

ಅವರ ಪಾಠ ನನ್ನ ಕೋಣೆಗೆ ಕೇಳಿಸುತ್ತಿತ್ತು. ಯಾವ ಘಟನೆಯನ್ನು ಕಲಿಸಿದರೂ ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ನೋಡಿದವರು’, ಇನ್ನೊಂದು ಕಡೆ ‘ಕೇಳಿದವರು’ ಎಂದು ಬರೆಯುತ್ತಿದ್ದರು. ನೋಡಿದವರ ಕಡೆ ಒಂದೆರಡು ಹೆಸರು ಬಂದರೆ ಹೆಚ್ಚು. ಈ ಯುದ್ಧದ ಬಗ್ಗೆ ಇಷ್ಟು ಪುಟ ಬರೆದಿದ್ದಾರಲ್ಲ, ಅಲ್ಲಿ ನಿಂತು ನೋಡಿದವರು ಎಷ್ಟು ಜನ ಎಂದು ಕೇಳಿ ಮಕ್ಕಳನ್ನು ಸುಮ್ಮನಾಗಿಸುತ್ತಿದ್ದರು. ಒಮ್ಮೆ ಕ್ಯಾಂಟೀನಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹೊಡೆದಾಡಿಕೊಂಡರು. ಬಿಡಿಸಿದ್ದು ಮಾಸ್ತರೇ. ಮೊದಲು ಕೈ ಎತ್ತಿದವರು ಯಾರು ಎಂದು ಪ್ರಿನ್ಸಿಪಾಲರು ಕೇಳಿದರೆ, ನಾನು ತಿರುಗುವ ಹೊತ್ತಿಗೆ ಇಬ್ಬರೂ ನೆಲದ ಮೇಲಿದ್ದರು, ನಾನು ನೋಡಿಲ್ಲ ಎಂದರು. ಯಾರು ಎಂಬುದು ಇಡೀ ಸ್ಕೂಲಿಗೆ ಗೊತ್ತಿದೆ ಎಂದು ಪ್ರಿನ್ಸಿಪಾಲರು ಸಿಡುಕಿದರು. ಹಾಗಾದರೆ ಗೊತ್ತಿರುವವರ ಹತ್ತಿರ ಬರೆಸಿಕೊಳ್ಳಿ ಎಂದು ಮಾಸ್ತರು ತಮ್ಮ ಕಾಫಿ ಲೋಟ ಎತ್ತಿಕೊಂಡು ಹೊರಟೇಬಿಟ್ಟರು.

ಇನ್ನೊಂದು ವಿಷಯವನ್ನು ನಾನು ಗಮನಿಸಿದ್ದೆ. ಹೊರಗಿನ ಮೈದಾನದಲ್ಲಿ ಆಟದ ಟೀಚರ್ ಸೀಟಿ ಊದಿದರೆ ಪಕ್ಕದ ಕೋಣೆಯ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ನಾಲ್ಕೈದು ಕ್ಷಣ ಅಷ್ಟೇ. ಮತ್ತೆ ಅದೇ ಶಬ್ದದಿಂದ ಮುಂದುವರಿಯುತ್ತಿತ್ತು. ಮಕ್ಕಳಿಗೆ ಅದು ರೂಢಿಯಾಗಿತ್ತು. ನನಗೆ ಮಾತ್ರ ಆ ನಾಲ್ಕೈದು ಕ್ಷಣ ಗೋಡೆಯ ಆಚೆ ಯಾರೋ ಬಂದು ನಿಂತ ಹಾಗೆ ಅನಿಸುತ್ತಿತ್ತು.

ಕಾರಣ ತಿಳಿದದ್ದು ನಾನು ಸೇರಿದ ಮೂರನೆಯ ವರ್ಷ, ಪರೀಕ್ಷೆಯ ಸಮಯದಲ್ಲಿ. ನಾನು ಮೇಲ್ವಿಚಾರಣೆಗೆ ಇದ್ದ ಕೋಣೆಯಲ್ಲಿ ಒಬ್ಬ ಹುಡುಗಿ ಮತ್ತೆ ಮತ್ತೆ ತಲೆ ತಗ್ಗಿಸಿ ತೊಡೆಯ ಕಡೆ ನೋಡುತ್ತಿದ್ದಳು. ಹತ್ತಿರ ಹೋದಾಗ ಕಾಲ ಬಳಿಯ ಚೀಲದ ಬಾಯಿ ತೆರೆದಿತ್ತು, ಮೇಲೇ ಫೋನ್ ಇತ್ತು. ನನಗೆ ಅಷ್ಟು ಸಾಕಾಯಿತು. ಫೋನ್ ನೋಡಿ ಬರೆಯುತ್ತಿದ್ದುದನ್ನು ಕಂಡೆ ಎಂದು ಫಾರ್ಮ್ ತುಂಬಿದೆ. ಹುಡುಗಿ ಅತ್ತಳು, ತಾನು ಫೋನ್ ಮುಟ್ಟಿಲ್ಲ ಎಂದಳು. ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡೆ. ಫಾರ್ಮಿಗೆ ಇನ್ನೊಬ್ಬ ಟೀಚರರ ಸಹಿ ಬೇಕಿತ್ತು. ಸಾಯಂಕಾಲ ಸ್ಕೂಲು ಬಿಟ್ಟ ಮೇಲೆ ಮಾಸ್ತರ ಕೋಣೆಗೆ ಹೋದೆ.

ಅವರು ಫಾರ್ಮನ್ನು ಎರಡು ಸಲ ಓದಿದರು. ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಿಸೆಸ್ ಕುಲಕರ್ಣಿ, ಇದನ್ನು ನೀವು ನೋಡಿದಿರಾ, ಅಥವಾ ನಿಮಗೆ ಗೊತ್ತಾಯಿತಾ?”

ಎರಡೂ ಒಂದೇ ಅಲ್ಲವೇ ಎಂದೆ. ಅವರು ಫಾರ್ಮನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು, ಮಕ್ಕಳ ಡೆಸ್ಕೊಂದರಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತರು. ಆಮೇಲೆ ಹೇಳಿದ್ದು ಇದು.

ಮೂವತ್ತರ ಆಸುಪಾಸಿನಲ್ಲಿ ಅವರು ದಕ್ಷಿಣದ ಒಂದು ಊರಿನಲ್ಲಿ ಮೇಷ್ಟರಾಗಿದ್ದರು. ಶನಿವಾರಗಳಂದು ಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತಿದ್ದರು. ಇಲ್ಲಿಯ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಕೊನೆಯ ಗೆರೆ ದಾಟುವ ಆಟ. ಅಂಪೈರುಗಳು ಏಳೆಂಟು ಜನ ಇರುತ್ತಾರೆ. ಇವರದು ಮೈದಾನದ ಅಂಚಿನ ಗೆರೆಯ ಪಕ್ಕ ನಿಲ್ಲುವ ಕೆಲಸ. ಚೆಂಡು ಹಿಡಿದವನ ಕಾಲು ಗೆರೆಗೆ ತಾಗಿದರೆ ಸೀಟಿ ಊದಬೇಕು. ಊದಿದೊಡನೆ ಆಟ ಅಲ್ಲಿಗೆ ಸತ್ತಂತೆ. ಆಮೇಲೆ ತಪ್ಪಾಯಿತು ಎಂದರೆ ನಡೆಯುವುದಿಲ್ಲ.

ಬಿಳಿಯರ ಕಾಲೇಜುಗಳು ಕಪ್ಪು ಜನರನ್ನು ಒಳಗೆ ಬಿಟ್ಟುಕೊಳ್ಳದ ಕಾಲದಲ್ಲಿ ಆ ಜನರಿಗಾಗಿ ಕಟ್ಟಿದ ಕಾಲೇಜುಗಳು ದಕ್ಷಿಣದಲ್ಲಿ ಅನೇಕ ಇವೆ. ಮಾಸ್ತರು ಓದಿದ್ದೂ ಅಂಥದ್ದೊಂದರಲ್ಲಿ. ಅವಕ್ಕೆ ತಮ್ಮದೇ ತಂಡಗಳು, ತಮ್ಮದೇ ಬ್ಯಾಂಡು, ತಮ್ಮದೇ ಹಬ್ಬ. ಋತು ಮುಗಿದ ಮೇಲೆ ಡಿಸೆಂಬರಿನಲ್ಲಿ ಎರಡು ಗುಂಪುಗಳ ಗೆದ್ದ ತಂಡಗಳು ಎದುರುಬದುರಾಗುತ್ತವೆ. ಅಜ್ಜಿಯರು ಒಳ್ಳೆಯ ಟೋಪಿ ಹಾಕಿಕೊಂಡು, ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಆ ವರ್ಷ ಅಂಥ ಪಂದ್ಯಕ್ಕೆ ಮಾಸ್ತರನ್ನು ಕರೆದಿದ್ದರು. ಅಂಪೈರನಾದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಅವರ ಹೆಂಡತಿ ಪಟ್ಟೆಪಟ್ಟೆಯ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿ ಕೊಟ್ಟಿದ್ದರಂತೆ.

ಜಿನುಗು ಮಳೆ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಹಿಂದೆ ಬಿದ್ದಿದ್ದ ತಂಡದ ಒಬ್ಬ ಆಟಗಾರ ಚೆಂಡು ಹಿಡಿದು, ತನ್ನ ಬಲಕ್ಕಿದ್ದ ಗೆರೆಯುದ್ದಕ್ಕೂ ಓಡಿ ಬಂದ. ಎಲ್ಲರನ್ನೂ ದಾಟಿದ್ದ. ಮುಂದೆ ಬರೀ ಹುಲ್ಲು. ಮಾಸ್ತರು ಗೆರೆಯ ಹೊರಗೆ ಅವನ ಜೊತೆಗೇ ಓಡುತ್ತಿದ್ದರು, ಕಣ್ಣು ಅವನ ಕಾಲಿನ ಮೇಲೆ. ಆಗ ಗೆರೆಯ ಬಳಿ ಗುಂಪುಗಟ್ಟಿ ನಿಂತಿದ್ದವರಲ್ಲಿ ಯಾರೋ ಒಂದು ಹೆಜ್ಜೆ ಮುಂದಿಟ್ಟ. ಒಂದು ಬೆನ್ನು ಅಡ್ಡ ಬಂತು. ಅದೇ ಕ್ಷಣ ಎದುರು ತಂಡದ ಕೋಚ್ ಔಟ್ ಎಂದು ಕೂಗಿದ. ಸೀಟಿ ಕೇಳಿಸಿತು.

“ಯಾರು ಊದಿದರು ಎಂದು ತಿರುಗಿ ನೋಡಿದೆ,” ಎಂದರು ಮಾಸ್ತರು. “ಸೀಟಿ ನನ್ನ ಬಾಯಲ್ಲಿತ್ತು.”

ಓಡುತ್ತಿದ್ದವನು ನಿಂತ. ಇವರು ಅವನ ಕಾಲು ಬಿದ್ದ ಜಾಗ ಇದೇ ಎಂದು ಒಂದು ಕಡೆ ಹೋಗಿ ನಿಂತರು. ಆ ಜಾಗವನ್ನು ಅವರು ಊಹಿಸಿ ಆರಿಸಿಕೊಂಡಿದ್ದರು. ಆ ತಂಡ ಸೋತಿತು. ಆಟಗಾರನಿಗೆ ಅದು ಕೊನೆಯ ವರ್ಷ, ದುಡ್ಡು ಕೊಟ್ಟು ಆಡಿಸುವ ದೊಡ್ಡ ತಂಡಗಳವರು ಅವನನ್ನು ನೋಡಲು ಬಂದಿದ್ದರು. ಆಮೇಲೆ ಯಾರೂ ಕರೆಯಲಿಲ್ಲ. ಆ ಕಾಲೇಜೂ ಮತ್ತೆಂದೂ ಆ ಪಂದ್ಯದವರೆಗೆ ಬರಲಿಲ್ಲ.

ಪಂದ್ಯ ಮುಗಿದು ಮಾಸ್ತರು ಕಾರಿನ ಹತ್ತಿರ ಹೋಗುವಾಗ ಆ ಹುಡುಗ ಬಂದ. ಅಂಪೈರುಗಳನ್ನು ಬೈಯಲು ಬರುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಇವನು ಬೈಯಲಿಲ್ಲ. ಕೆಸರಾದ ಬಟ್ಟೆಯಲ್ಲೇ ನಿಂತು, ಸರ್, ನನ್ನ ಕಾಲು ತಾಗಿಲ್ಲ, ಅದು ನಿಮಗೂ ಗೊತ್ತು ಎಂದನಂತೆ. ಮಾಸ್ತರು, ನಾನು ನೋಡಿದ್ದನ್ನು ಹೇಳಿದೆ ಎಂದರು. ಅವನು ತಲೆಯಾಡಿಸಿ ಹೋದ.

“ಅವನು ನನ್ನನ್ನು ನಂಬಿ ಹೋದ,” ಎಂದರು. “ತಾಗಿತ್ತೇನೋ ಎಂದು ತನ್ನ ಕಾಲನ್ನೇ ಅನುಮಾನಿಸುತ್ತ ಹೋದ. ಅದನ್ನು ಅವನ ನಡಿಗೆಯಲ್ಲಿ ಕಂಡೆ. ಆ ದಿನ ನಾನು ನಿಜವಾಗಿ ನೋಡಿದ್ದು ಅದೊಂದೇ.”

ನಾನು ಫಾರ್ಮನ್ನು ಹರಿದು ಇನ್ನೊಂದು ಬರೆದೆ. ತಲೆ ತಗ್ಗಿಸಿದ್ದನ್ನು ನೋಡಿದೆ. ಫೋನ್ ಕೈಯಲ್ಲಿದ್ದುದನ್ನು ನೋಡಿಲ್ಲ ಎಂದು ಬರೆದೆ. ಹುಡುಗಿಗೆ ಇನ್ನೊಂದು ಸಲ ಪರೀಕ್ಷೆ ಬರೆಯಲು ಬಿಟ್ಟರು. ಅವಳು ಅಂದು ಫೋನ್ ನೋಡಿದ್ದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಆ ಪಂದ್ಯದ ನಂತರ ಮಾಸ್ತರು ಸೀಟಿ ಮುಟ್ಟಲಿಲ್ಲ. ಅಲ್ಲಿಯ ಕೆಲಸ ಬಿಟ್ಟು ಹೆಂಡತಿಯ ತವರಾದ ನ್ಯೂಜೆರ್ಸಿಗೆ ಬಂದರು. ಬಂದು ಕೆಲವು ವರ್ಷಗಳಾದ ಮೇಲೆ, ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಆಟಗಾರನ ಊರು ಟ್ರೆಂಟನ್ ಎಂದು ಓದಿದರು. ತಪ್ಪಿಸಿಕೊಂಡು ಬಂದ ಕಡೆಯೇ ಅವನ ಊರಿತ್ತು, ಮನೆಯಿಂದ ಒಂದು ಗಂಟೆಯ ದಾರಿ. ಒಮ್ಮೆ ಟರ್ನ್‌ಪೈಕ್ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಕಾಫಿಯ ಸಾಲಿನಲ್ಲಿ ಅವನನ್ನೇ ಕಂಡರಂತೆ. ಮೈ ತುಂಬಿಕೊಂಡಿದ್ದ, ಗೋದಾಮಿನ ಕೆಲಸದವರ ಹಳದಿ ಜಾಕೆಟ್ ಹಾಕಿದ್ದ. ಮಾಸ್ತರು ಕಾಫಿ ಬಿಟ್ಟು ಕಾರಿಗೆ ಓಡಿಬಂದು, ಅರ್ಧ ಗಂಟೆ ಸ್ಟೀರಿಂಗ್ ಹಿಡಿದು ಕೂತಿದ್ದರು. ಅದು ಅವನೇ ಹೌದೋ ಅಲ್ಲವೋ ಎಂದು ಕೇಳಿದರೆ, ಖಂಡಿತ ಹೇಳಲಾರೆ ಎಂದರು. ಅಂಥ ಎಷ್ಟೋ ಜನರನ್ನು ಕಂಡಿದ್ದರು. ಪೆನ್ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಚರ್ಚಿನ ಹಿಂದಿನ ಸಾಲಿನಲ್ಲಿ. ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬನಾದರೂ ಅವನ ಹಾಗೇ ನಡೆಯುವವನು ಬಂದು ಕೂರುತ್ತಿದ್ದ. ನನಗೆ ಆಗ ಕಾರಿಡಾರಿನ ಕಾಲುಗಳ ವಿಷಯ ಅರ್ಥವಾಯಿತು.

ಅವರ ಹತ್ತಿರ ಆ ಪಂದ್ಯದ ಒಂದು ವೀಡಿಯೊ ಕ್ಯಾಸೆಟ್ ಇತ್ತು. ಆಗ ಆ ಕಾಲೇಜುಗಳ ಆಟ ತೋರಿಸಲು ಯಾರೂ ಹೆಚ್ಚು ಕ್ಯಾಮೆರಾ ಇಡುತ್ತಿರಲಿಲ್ಲ. ಅದೇ ಗೆರೆಯ ಹಿಂದಿನ ಮೆಟ್ಟಿಲ ಮೇಲಿಂದ ಒಂದೇ ಕ್ಯಾಮೆರಾ. ಓಡುವವನು ಬರುತ್ತಾನೆ, ಗೆರೆಯ ಬಳಿಯ ಗುಂಪು ಅಲುಗುತ್ತದೆ, ಬೆನ್ನುಗಳು ಕಾಣುತ್ತವೆ, ಅವನು ನಿಲ್ಲುತ್ತಾನೆ. ಮಾಸ್ತರು ಅದನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದ್ದರೆಂದರೆ, ಆ ಜಾಗದಲ್ಲಿ ಟೇಪು ಸವೆದು ಬರೀ ಬಿಳಿ ಚುಕ್ಕೆಗಳು ಬರುತ್ತಿದ್ದವು. ನನಗೂ ಒಮ್ಮೆ ತೋರಿಸಿದರು. ಚುಕ್ಕೆಗಳು ಬಂದಾಗ ಅವರು ಟಿವಿಯ ಇನ್ನೂ ಹತ್ತಿರಕ್ಕೆ ಬಗ್ಗಿದರು.

ಹೆಂಡತಿ ತೀರಿಕೊಂಡ ಮೇಲೆ ಡಿಸೆಂಬರಿನ ಆ ಪಂದ್ಯ ನೋಡಲು ನಮ್ಮನ್ನು ಮನೆಗೆ ಕರೆಯತೊಡಗಿದರು. ವುಡ್‌ಬ್ರಿಡ್ಜಿನ ನಮ್ಮ ಮನೆಯಿಂದ ಚಕ್ಕುಲಿ, ಚುರುಮುರಿ ಒಯ್ಯುತ್ತಿದ್ದೆವು. ಆಟ ನಡೆಯುವಾಗ ಟಿವಿಯ ದನಿ ಪೂರ್ತಿ ತೆಗೆದುಬಿಡುತ್ತಿದ್ದರು. ಅರ್ಧ ಆಟ ಮುಗಿದು ಎರಡೂ ಕಾಲೇಜುಗಳ ಬ್ಯಾಂಡು ಮೈದಾನಕ್ಕೆ ಬಂದಾಗ ದನಿ ಏರಿಸಿ, ನೂರಾರು ಮಕ್ಕಳು ತುತ್ತೂರಿ ಊದುತ್ತ, ಡ್ರಮ್ಮು ಬಡಿಯುತ್ತ ಕುಣಿಯುವುದನ್ನು ತೊಡೆ ತಟ್ಟುತ್ತ ನೋಡುತ್ತಿದ್ದರು. ಆಟ ಶುರುವಾದೊಡನೆ ಮತ್ತೆ ಮೌನ. ದನಿಯಿಲ್ಲದೆ ಜನ ಬೀಳುವುದು, ಏಳುವುದು, ಬಾಯಿ ತೆರೆಯುವುದು ನೋಡುತ್ತ ಕೂರುತ್ತಿದ್ದೆವು. ಒಂದು ವರ್ಷ ರಘು ಸಮಾಧಾನ ಹೇಳಲೆಂದು, ನಮ್ಮ ಕ್ರಿಕೆಟ್ಟಿನಲ್ಲಿ ಅಂಪೈರಿಗೆ ಅನುಮಾನ ಬಂದರೆ ಬ್ಯಾಟ್ಸ್‌ಮನ್ ಪರವಾಗಿ ತೀರ್ಪು ಕೊಡುತ್ತಾರೆ ಎಂದು ವಿವರಿಸಿದರು. ಮಾಸ್ತರು ರಘುವಿನ ಕಡೆ ತಿರುಗಿದರು.

“ನನಗೆ ಅನುಮಾನವೇ ಬರಲಿಲ್ಲವಲ್ಲ,” ಎಂದರು. “ಊದುವ ತನಕ ಬರಲಿಲ್ಲ. ಅದೇ ತೊಂದರೆ.”

ಅವರು ನಿವೃತ್ತರಾದ ವರ್ಷವೇ ಹೃದಯದ ಆಪರೇಷನ್ ಆಯಿತು. ಹೈವೇಯಲ್ಲಿ ಡ್ರೈವ್ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಮುಂದಿನ ಅಕ್ಟೋಬರಿನಲ್ಲಿ ಒಂದು ಶುಕ್ರವಾರ ಫೋನ್ ಮಾಡಿ, ನಾಳೆ ಬಿಡುವಿದ್ದರೆ ನನ್ನನ್ನು ಟ್ರೆಂಟನ್ನಿಗೆ ಕರೆದುಕೊಂಡು ಹೋಗುವಿರಾ ಎಂದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟರ್ನ್‌ಪೈಕಿನಲ್ಲಿ ರಾಬಿನ್ಸ್‌ವಿಲ್ ಹತ್ತಿರ ಬಂದಾಗ ಸಾಲುಸಾಲು ಗೋದಾಮುಗಳನ್ನು ತೋರಿಸಿ, ಆ ಹುಡುಗ ಇಪ್ಪತ್ತಾರು ವರ್ಷ ಇಲ್ಲೇ ಕೆಲಸ ಮಾಡಿದ್ದಂತೆ, ಅವನ ಕಾಲೇಜಿನ ಪತ್ರಿಕೆಯಲ್ಲಿ ಓದಿದೆ ಎಂದರು. ಅಲ್ಲಿಯ ದೇವಸ್ಥಾನಕ್ಕೆಂದು ನಾವು ಆ ಗೋಡೆಗಳ ಪಕ್ಕ ಎಷ್ಟೋ ಭಾನುವಾರ ಹಾದುಹೋಗಿದ್ದೆವು. ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಎರಡನೆಯ ಸಲ, ವಾಪಸು ಹೋಗೋಣವೇ ಎಂದು ಅವರೇ ಕೇಳಿದರು. ಆಮೇಲೆ ಅವರೇ ಬೇಡ, ನಡೆಯಿರಿ ಎಂದರು.

ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಮುಂಬಾಗಿಲ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ದಪ್ಪನೆಯ ಒಬ್ಬರು ಕೂತಿದ್ದರು, ಎಡ ಮೊಣಕಾಲಿಗೆ ಪಟ್ಟಿ, ಪಕ್ಕದಲ್ಲಿ ಕೋಲು. ಮಾಸ್ತರು ಮೆಟ್ಟಿಲ ಕೆಳಗೆ ಕೈ ಹಿಂದೆ ಕಟ್ಟಿ ನಿಂತರು. ಆ ನಿಲುವನ್ನು ನೋಡಿಯೇ ಜಗುಲಿಯ ಮೇಲಿದ್ದವರಿಗೆ ಗುರುತು ಸಿಕ್ಕಿತೆಂದು ಕಾಣುತ್ತದೆ. ಕೋಲೂರಿ ಎದ್ದು, “ನಿಮಗೆ ಆಗ ಮೀಸೆ ಇತ್ತು, ಸರ್” ಎಂದರು.

ನನಗೂ ಒಂದು ಕುರ್ಚಿ ಕೊಟ್ಟರು. ನಾನು ಕಾರಿನಲ್ಲಿ ಇರುತ್ತೇನೆ ಎಂದರೆ ಮಾಸ್ತರು ಬಿಡಲಿಲ್ಲ. ಹವಾಮಾನ, ಮೊಣಕಾಲು, ಆಪರೇಷನ್ ಎಲ್ಲ ಮುಗಿದ ಮೇಲೆ ಮಾಸ್ತರು ನೇರವಾಗಿ ಕೂತು ಹೇಳಿದರು.

“ಅವತ್ತು ನಾನು ನೋಡಿರಲಿಲ್ಲ. ಯಾರದೋ ಬೆನ್ನು ಅಡ್ಡ ಬಂತು. ಆ ಕಡೆಯ ಕೋಚ್ ಕೂಗಿದ, ನಾನು ಊದಿಬಿಟ್ಟೆ. ನೋಡಿದೆ ಎಂದು ನಿನಗೆ ಸುಳ್ಳು ಹೇಳಿದೆ. ಅದನ್ನು ಹೇಳಲು ಬಂದೆ.”

ಆ ಹಳೆಯ ಆಟಗಾರರು ಮುಖವನ್ನು ಬೀದಿಯ ಕಡೆ ತಿರುಗಿಸಿದರು. ಮಾಸ್ತರ ಉಸಿರು ನನಗೆ ಕೇಳಿಸುತ್ತಿತ್ತು. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕೊನೆಗೆ ಆಟಗಾರರು ಮಾಸ್ತರ ಅಂಗಿಯ ಕಡೆ, ಕತ್ತಿನ ಕೆಳಗೆ ಕಾಣುತ್ತಿದ್ದ ಆಪರೇಷನ್ನಿನ ಗಾಯದ ಕಡೆ ನೋಡಿದರು.

“ಕಾಲು ತಾಗಿತ್ತು, ಸರ್. ಗೆರೆಯ ಬಣ್ಣ ಒದ್ದೆಯಾಗಿತ್ತು, ಜಾರಿದ್ದು ನನಗೆ ತಿಳಿಯಿತು. ಅಮ್ಮ ಬಂದಿದ್ದಳು, ಸೋತವನಾಗಿ ಅವಳ ಮುಂದೆ ಹೋಗಲು ಆಗಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದು ಹಾಗೆ ಹೇಳಿದೆ. ನೀವು ನೋಡದಿದ್ದರೂ ಸರಿಯಾಗಿಯೇ ಊದಿದಿರಿ.”

“ಯಾವ ಕಾಲು?” ಎಂದರು ಮಾಸ್ತರು.

“ಎಡಗಾಲು,” ಎಂದು ಅವರು ತಮ್ಮ ನೋಯುವ ಮೊಣಕಾಲ ಮೇಲೆ ಕೈಯಿಟ್ಟರು.

ಮಾಸ್ತರು ಮುಖ ಮುಚ್ಚಿಕೊಂಡರು. ಅಷ್ಟು ಎತ್ತರದ ಮನುಷ್ಯ ಕುರ್ಚಿಯಲ್ಲಿ ಚಿಕ್ಕದಾಗಿ ಕುಗ್ಗಿ ಅಲುಗುತ್ತಿದ್ದರು. ಆಟಗಾರರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು ನಿಂತರು. ನಾನು ಎದ್ದು ಕೆಳಗಿಳಿದು ಬಂದೆ.

ಕಾರಿನ ಹತ್ತಿರ ನಿಂತಿದ್ದಾಗ ಆಟಗಾರರ ಮಗಳು ಬಂದಳು. ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿ ಮುಗಿಸಿ ಟ್ರೇನಿನಲ್ಲಿ ಬಂದವಳು, ಬಟ್ಟೆಯನ್ನೂ ಬದಲಿಸಿರಲಿಲ್ಲ. ಜಗುಲಿಯ ಮೇಲಿರುವವರು ಯಾರು ಎಂದು ಕೇಳಿದಳು. ಹಳೆಯ ಪಂದ್ಯವೊಂದರ ಅಂಪೈರ್ ಎಂದೆ. ಅವಳ ಮುಖ ಬಿಗಿಯಿತು. ಆ ಪಂದ್ಯವಾ, ಎಂದಳು. ನಾವು ಆ ಕತೆ ಕೇಳಿಯೇ ಬೆಳೆದವರು. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಪ್ಪ ಅಡುಗೆಮನೆಯ ನೆಲದ ಮೇಲೆ ಟೇಪು ಅಂಟಿಸಿ, ಕಾಲು ಹೇಗೆ ಬಿತ್ತು ಎಂದು ತೋರಿಸುತ್ತಾರೆ. ಗೆರೆಗೂ ಬೂಟಿಗೂ ನಡುವೆ ಎರಡು ಬೆರಳು ಹುಲ್ಲಿತ್ತು ಎನ್ನುತ್ತಾರೆ. ಹೋದ ವರ್ಷವೂ ತೋರಿಸಿದರು, ಈ ಮೊಣಕಾಲು ಇಟ್ಟುಕೊಂಡು. ನಿಮ್ಮ ಮನುಷ್ಯ ಅದನ್ನು ಒಪ್ಪಿಕೊಳ್ಳಲು ಬಂದರಾ ಎಂದು ಕೇಳಿದಳು.

ಒಪ್ಪಿಕೊಂಡರು ಎಂದೆ. ಅವಳ ಅಪ್ಪ ಹೇಳಿದ್ದನ್ನು ಹೇಳಲಿಲ್ಲ.

ವಾಪಸು ಬರುವಾಗ ಮಾಸ್ತರು ಕಿಟಕಿಯ ಗಾಜು ಇಳಿಸಿಕೊಂಡು ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಹಸಿವಾಗುತ್ತಿದೆ ಎಂದರು. ನಮ್ಮ ಕಡೆಯ ಹೋಟೆಲುಗಳಿರುವ ಇಸೆಲಿನ್ನಿನಲ್ಲಿ ನಿಲ್ಲಿಸಿ ದೋಸೆ ಕೊಡಿಸಿದೆ, ಎರಡು ತಿಂದರು. ನಾನು ಅವರ ಎದುರು ಚಟ್ನಿಯ ಬಟ್ಟಲು ತಿರುಗಿಸುತ್ತ ಕೂತಿದ್ದೆ.

ಮನೆಗೆ ಬಂದು ರಘುವಿಗೆ ಎಲ್ಲ ಹೇಳಿ, ಮಗಳು ಹೇಳಿದ್ದನ್ನು ಮಾಸ್ತರಿಗೆ ತಿಳಿಸಬೇಕೋ ಬೇಡವೋ ಎಂದು ಕೇಳಿದೆ.

“ಹೇಳಬ್ಯಾಡ,” ಎಂದರು ರಘು. “ಆ ಮನಿಷ್ಯಾ ತನ್ನ ಕೈಯಾಗಿಂದು ತೆಗೆದು ಇವರಿಗೆ ಕೊಟ್ಟಾನ. ಅದನ್ನ ಕಸಗೊಳ್ಳಾಕ ನೀ ಯಾರು?”

ನಾನು ಹೇಳಲಿಲ್ಲ. ಆ ಡಿಸೆಂಬರಿನ ಪಂದ್ಯಕ್ಕೆ ಹೋದಾಗ ಮಾಸ್ತರು ಮೊದಲ ಸಲ ಟಿವಿಯ ದನಿ ಏರಿಸಿಯೇ ಆಟ ನೋಡಿದರು. ಸೀಟಿಗಳು ಒಂದರ ಹಿಂದೊಂದು ಕೇಳುತ್ತಿದ್ದವು. ಅವರು ಚಕ್ಕುಲಿ ಮುರಿಯುತ್ತ, ಈಗ ಚೆನ್ನಾಗಿ ನಿದ್ದೆ ಬರುತ್ತದೆ ಎಂದರು. ಒಂದು ಸೀಟಿಗೆ ಬೆಚ್ಚಿದವಳು ನಾನು.

ಜನವರಿಯಲ್ಲಿ ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮಾತು ಕಡಿಮೆಯಾಗಿತ್ತು. ಸ್ಕೂಲಿನ ಸುದ್ದಿ ಕೇಳಿದರು. ನನ್ನ ಕೋಣೆಯ ಪಕ್ಕಕ್ಕೆ ಯಾರು ಬಂದಿದ್ದಾರೆ, ಹೊಸಬರು ಮಕ್ಕಳ ಹೆಸರು ಕಲಿತಿದ್ದಾರೆಯೇ ಎಂದು ಕೇಳಿದರು. ಅವರ ಬೆರಳುಗಳು ಹೊದಿಕೆಯ ಅಂಚನ್ನು ಸವರುತ್ತಿದ್ದವು, ಅತ್ತಿಂದಿತ್ತ, ಅತ್ತಿಂದಿತ್ತ.

“ಮಿಸೆಸ್ ಕುಲಕರ್ಣಿ, ಗೆರೆ ಅವನ ಬಲಕ್ಕಿತ್ತು,” ಎಂದರು. “ಎಡಗಾಲು ಹೇಗೆ ತಾಗುತ್ತದೆ?”

ಎಷ್ಟು ದಿನದಿಂದ ಅದನ್ನು ಮನಸ್ಸಿನಲ್ಲಿ ತಿರುಗಿಸುತ್ತಿದ್ದರೋ. ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದು ನೆಪ ಹೇಳಿ ಎದ್ದು ಕಿಟಕಿಯ ಹತ್ತಿರ ಹೋದೆ. ಪರದೆ ಎಳೆಯುತ್ತ, ಅವರಿಗೆ ಬೆನ್ನು ಮಾಡಿ ನಿಂತೇ ಹೇಳಿದೆ.

“ಎಡಗಾಲು ಅನ್ನಲಿಲ್ಲ ಅವರು. ಬಲಗಾಲು ಅಂದರು. ನಾನು ಅಲ್ಲೇ ಇದ್ದೆನಲ್ಲ, ಕೇಳಿಸಿಕೊಂಡೆ. ನೀವು ಅಳುತ್ತಿದ್ದಿರಿ.”

ನಾನು ತಿರುಗುವ ಹೊತ್ತಿಗೆ ಅವರು ಕಣ್ಣು ಮುಚ್ಚಿದ್ದರು. ಹತ್ತಿರ ಕೂತು ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು, ಆದರೆ ನನ್ನ ಕೈಯನ್ನು ಅದು ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ನರ್ಸ್ ಬಂದು ಹೊತ್ತಾಯಿತು ಎಂದಳು. ಮತ್ತೆ ನಾನು ಹೋಗುವ ಮುಂಚೆ ಅವರು ತೀರಿಕೊಂಡರು.

ಚರ್ಚಿನಲ್ಲಿ ಹಳೆಯ ವಿದ್ಯಾರ್ಥಿಗಳೇ ತುಂಬಿದ್ದರು. ಒಬ್ಬೊಬ್ಬರು ಎದ್ದು ಒಂದೊಂದು ಮಾತು ಹೇಳಿದರು. ನನ್ನನ್ನೂ ಕರೆದರು, ಬೇಡ ಎಂದು ಕೈಯಾಡಿಸಿದೆ. ಎಲ್ಲ ಮುಗಿದು ಕೆಳಗಿನ ಹಾಲಿನಲ್ಲಿ ಊಟಕ್ಕೆ ಸಾಲು ನಿಂತಾಗ ಕೋಲಿನ ಸದ್ದು ಕೇಳಿತು. ಟ್ರೆಂಟನ್ನಿನಿಂದ ಆಟಗಾರರು ಬಂದಿದ್ದರು, ಕಪ್ಪು ಸೂಟು, ಮಗಳು ಜೊತೆಗಿರಲಿಲ್ಲ. ನನ್ನನ್ನು ಗೋಡೆಯ ಹತ್ತಿರ ಕರೆದು, ಮಾಸ್ತರು ಕೊನೆಗೆ ಏನಾದರೂ ಕೇಳಿದರೇ ಎಂದರು.

ಯಾವ ಕಾಲು ಎಂದು ಕೇಳಿದರು ಎಂದೆ.

ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು ತಲೆ ಬಗ್ಗಿಸಿದರು. ನೀವು ಅತ್ತ ಹೋದ ಮೇಲೆ ತಪ್ಪು ಕಾಲು ಹೇಳಿದ್ದು ನನಗೆ ಹೊಳೆಯಿತು, ಮೊಣಕಾಲು ನೋಯುತ್ತಿತ್ತು, ಬಾಯಿಗೆ ಅದೇ ಬಂತು ಎಂದರು. ಫೋನ್ ಮಾಡಿ ತಿದ್ದಿದರೆ ಇನ್ನೂ ಕೆಡುತ್ತದೆ ಎಂದು ಸುಮ್ಮನಿದ್ದರಂತೆ.

“ನೀವೇನು ಹೇಳಿದಿರಿ, ಮೇಡಂ?”

“ಬಲಗಾಲು ಎಂದು ನೀವು ಹೇಳಿದ್ದನ್ನು ಕೇಳಿದೆ ಎಂದೆ.”

ಅವರು ನನ್ನ ಮುಖವನ್ನೇ ನೋಡಿದರು. ನಮ್ಮ ಪಕ್ಕದಲ್ಲಿ ಜನ ತಟ್ಟೆ ಹಿಡಿದು ಹಾದುಹೋಗುತ್ತಿದ್ದರು.

“ನಂಬಿದರಾ?”

ನಾನು ನೋಡಲಿಲ್ಲ ಎಂದೆ.